ವೆಂಕಟಪ್ಪನವರ ಬಗ್ಗೆ ನಾಲ್ಕು ಒಳ್ಳೆಯ ಮಾತು

ಚಳ್ಳಕೆರೆಯ ಗಾದ್ರಪ್ಪನದು ಹುಟ್ಟಿನಿಂದಲೇ ಜೋಲುಮುಖ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಮದುವೆಯ ಫೋಟೋದಲ್ಲಿ ಕೂಡ ಅವನು ಯಾರದೋ ತಿಥಿಗೆ ಹೊರಟು ದಾರಿ ತಪ್ಪಿ ಹಸೆಮಣೆ ಏರಿದವನ ಹಾಗೆ ಕಾಣುತ್ತಾನೆ. ಹೆಂಡತಿ ಲಕ್ಷ್ಮಕ್ಕ ಆ ಫೋಟೋವನ್ನು ಗೋಡೆಗೆ ಹಾಕದೆ ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಇಟ್ಟಿದ್ದಾಳೆ. ನೆಂಟರು ನೋಡಿ, ಹುಡುಗನಿಗೆ ಒಪ್ಪಿಗೆ ಇರಲಿಲ್ಲವೇ ಎಂದು ಕೇಳಿದರೆ ಉತ್ತರ ಹೇಳುವವರು ಯಾರು ಎಂಬುದು ಅವಳ ವಾದ.

ಇಂಥ ಗಾದ್ರಪ್ಪನನ್ನು ಸಹೋದ್ಯೋಗಿಗಳಿಗೆ ದಿನಾ ಬೆಳಿಗ್ಗೆ ಹುರುಪು ತುಂಬುವ ಕೆಲಸಕ್ಕೆ ಹಚ್ಚಿದರು. ಇದು ಹೇಗಾಯಿತು ಎಂದು ಯಾರಿಗಾದರೂ ಆಶ್ಚರ್ಯವಾದರೆ, ಅವರು ಸಹಕಾರ ಸಂಘದ ಮೆಟ್ಟಿಲು ಹತ್ತಿದವರಲ್ಲ ಎಂದೇ ಅರ್ಥ.

ಅವನು ನೇಕಾರರ ಒಕ್ಕೂಟವೊಂದರ ಚಳ್ಳಕೆರೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮನೆಯಿಂದ ಕಚೇರಿಗೆ ನಡೆದೇ ಹೋಗಬಹುದಿತ್ತು. ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಂಡು, ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಿ, ಮತ್ತೆ ಹೋಗಿ ಕುರ್ಚಿಯಲ್ಲಿ ಕೂರುವ ಭಾಗ್ಯ. ಒಂದು ದಿನ ದೊಡ್ಡ ಸಾಹೇಬರು ಅವನನ್ನು ಕರೆದು, "ಗಾದ್ರಪ್ಪ, ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಿದ್ರೆ ನಂಗೇ ರಾಜೀನಾಮೆ ಕೊಡಾಣ ಅನ್ಸುತ್ತೆ ಕಣಯ್ಯ" ಎಂದು ಹೇಳಿ, ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಸೊಸೈಟಿಗೆ ಎತ್ತಿ ಹಾಕಿದರು. ಅಲ್ಲಿಂದ ಅವನ ಬದುಕು ಬಸ್ಸಿನ ಪಾಲಾಯಿತು. ಹೋಗುವಾಗ ನಿಂತುಕೊಂಡು, ಬರುವಾಗ ಜೋತುಬಿದ್ದುಕೊಂಡು. ಡಬ್ಬಿಯೊಳಗಿನ ಮುದ್ದೆ ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಹೊಡೆದರೆ ಗೋಡೆಗೇ ನೋವಾಗುವಷ್ಟು ಗಟ್ಟಿಯಾಗುತ್ತಿತ್ತು.

ಮೊಳಕಾಲ್ಮೂರಿನಲ್ಲೂ ನಗುವಂಥದ್ದೇನೂ ನಡೆಯುತ್ತಿರಲಿಲ್ಲ. ಅಲ್ಲಿನ ನೇಕಾರರದು ಗುಂಡಿ ಮಗ್ಗ. ಮನೆಯ ನಡುಮನೆಯಲ್ಲೇ ನೆಲ ಅಗೆದು ಗುಂಡಿ ಮಾಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಒಂದೊಂದೇ ಮನೆಯವರು ಮಗ್ಗ ಬಿಚ್ಚಿ, ಗುಂಡಿಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿಸಿ ಟಿ.ವಿ. ಇಡತೊಡಗಿದ್ದರು. ಸಾಹೇಬರಿಗೆ ಮೇಲಿನವರು ಗದರಿಸಿದರು. ಸಾಹೇಬರು ಗಾದ್ರಪ್ಪನಿಗೆ ಗದರಿಸಿದರು.

"ಇನ್ನೊಂದು ಮಗ್ಗ ನಿಂತ್ರೆ ನೀನು ಅಲ್ಲೇ ರಿಟೈರ್ ಆಗ್ತೀಯ ನೋಡು. ನಿಲ್ಲದಂಗೆ ನೋಡ್ಕಂಡ್ಯಾ, ಯುಗಾದಿಗೆ ನಿನ್ನ ಚಳ್ಳಕೆರೆಗೆ ವಾಪಸ್ ಕರಿಸ್ಕಂತೀನಿ."

"ನಾನು ಹೆಂಗೆ ನೋಡ್ಕಳ್ಳಲಿ ಸಾರ್? ನಂಗೆ ನೇಯಾಕೆ ಬರಲ್ಲ."

"ನೇಯಾದಲ್ಲ. ಹುರುಪು ತುಂಬಬೇಕು. ತರಬೇತಿ ಕೊಡಿಸ್ತೀವಿ."

ತರಬೇತಿ ಚಳ್ಳಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಕೆನ್ನೆಗೆ ತಂತಿ ಮೈಕು ಅಂಟಿಸಿಕೊಂಡ ಹೇಮಂತ್ ಎಂಬ ಯುವಕ ವೇದಿಕೆಯ ಈ ಕೊನೆಯಿಂದ ಆ ಕೊನೆಗೆ ಓಡಾಡುತ್ತ, ಸಕಾರಾತ್ಮಕ ಮನೋಭಾವ ಒಂದಿದ್ದರೆ ಬಾಳಿನಲ್ಲಿ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎಂದ. ಊಟ ಮಾತ್ರ ತಾನಾಗಿ ಬರಲಿಲ್ಲ; ಮೂರು ಗಂಟೆಯಾಗಿತ್ತು. "ಪಕ್ಕದವರ ಕಣ್ಣಲ್ಲಿ ಕಣ್ಣಿಟ್ಟು ಮನಸಾರೆ ನಗಿ!" ಎಂದು ಹೇಮಂತ್ ಕೂಗಿದಾಗ ಗಾದ್ರಪ್ಪ ತನ್ನ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ನಕ್ಕ. ಪಕ್ಕದಲ್ಲಿದ್ದ ಹಿರಿಯೂರಿನ ಹೆಣ್ಣುಮಗಳು ಗಾಬರಿಯಾಗಿ, "ಸಾರ್, ನೀರು ಬೇಕೇನ್ರಿ?" ಎಂದಳು.

ಮರುದಿನದಿಂದ ಪ್ರಯೋಗ ಶುರುವಾಯಿತು. ಬೆಳಿಗ್ಗೆ ಸೊಸೈಟಿಯ ಬಾಗಿಲಲ್ಲಿ ನಿಂತು ಗಾದ್ರಪ್ಪ ಜವಾನ ಕ್ಯಾತಣ್ಣನ ಕೈ ಹಿಡಿದು, "ಕ್ಯಾತಣ್ಣ, ಧೈರ್ಯವಾಗಿರು. ಇವತ್ತು ಒಳ್ಳೇ ದಿನ" ಎಂದ. ಕ್ಯಾತಣ್ಣನ ಮುಖದ ರಕ್ತ ಇಳಿದುಹೋಯಿತು. "ಯಾಕ್ ಸಾರ್, ಯಾರಿಗೇನಾತು?" ಎಂದು ಅಲ್ಲೇ ಕುಸಿದು ಕೂತು ಮನೆಗೆ ಫೋನು ಮಾಡಿದ. ಎಲ್ಲರೂ ಬದುಕಿದ್ದಾರೆ ಎಂದು ಖಾತ್ರಿಯಾದ ಮೇಲೂ ಅವನಿಗೆ ಆ ದಿನವೆಲ್ಲ ಕಸ ಗುಡಿಸಲು ಮನಸ್ಸಾಗಲಿಲ್ಲ. ಕಾರ್ಯದರ್ಶಿ ಗಂಗರಾಜುವಿಗೆ, "ನಿರಾಶರಾಗಬಾರ್ದು ಸಾರ್, ಒಳ್ಳೇ ಕಾಲ ಬಂದೇ ಬರ್ತೈತೆ" ಎಂದಾಗ ಅವರು ಲೋಟದ ಚಹಾ ಕೆಳಗಿಟ್ಟು, "ಅನುದಾನ ನಿಂತೋತೇನ್ರಿ? ನೇರವಾಗಿ ಹೇಳ್ರಿ, ನಾನು ತಡಕಂತೀನಿ" ಎಂದರು.

ಆದರೆ ನಿಜವಾಗಿ ಹುರುಪು ಬೇಕಾಗಿದ್ದುದು ವೆಂಕಟಪ್ಪನಿಗೆ. ಈತ ಬೆಳಗಿನ ಹೊತ್ತು ಸೊಸೈಟಿಯಲ್ಲಿ ಸೀರೆ ಮಡಚಿ ಕಟ್ಟುವ ಕೆಲಸ ಮಾಡಿ, ಮಿಕ್ಕ ಹೊತ್ತು ಮನೆಯ ಮಗ್ಗದಲ್ಲಿ ಕೂರುವ ನೇಕಾರ. ಈಗ ಮಗ್ಗದ ಮೇಲಿರುವ ಸೀರೆ ಇಳಿಸಿದ ಮೇಲೆ ಗುಂಡಿ ಮುಚ್ಚುವುದಾಗಿ ಹೇಳಿಬಿಟ್ಟಿದ್ದ. ಸಾಹೇಬರು ಹೇಳಿದ ಆ "ಇನ್ನೊಂದು ಮಗ್ಗ" ಅಂದರೆ ಇದೇ. ಗಾದ್ರಪ್ಪನ ಚಳ್ಳಕೆರೆಯ ಬಿಸಿ ಮುದ್ದೆ ಈಗ ವೆಂಕಟಪ್ಪನ ಗುಂಡಿಯೊಳಗೆ ಕೂತಿತ್ತು.

"ವೆಂಕಟಪ್ಪಾರೆ, ಗುಂಡಿ ಮುಚ್ಚಬ್ಯಾಡ್ರಿ" ಎಂದು ಗಾದ್ರಪ್ಪ ಬೇಡಿಕೊಂಡ.

"ಯಾಕ್ ಮುಚ್ಚಬಾರ್ದು, ಒಂದು ಕಾರಣ ಹೇಳ್ರಿ ಸಾರ್."

ಗಾದ್ರಪ್ಪ ಯೋಚಿಸಿದ. ತರಬೇತಿಯಲ್ಲಿ ಬರೆದುಕೊಂಡ ಚೀಟಿ ತೆಗೆದು ತಿರುವಿ ಹಾಕಿ, ಮತ್ತೆ ಜೇಬಿಗಿಟ್ಟ.

"ಇಷ್ಟು ವರ್ಷ ನೇಯ್ದೆ ಸಾರ್" ಎಂದ ವೆಂಕಟಪ್ಪ. "ಒಂದು ಎಳೆ ತಪ್ಪಿದ್ರೆ ಬೀದಿಗೆಲ್ಲ ಗೊತ್ತಾಗ್ತೈತೆ. ತಪ್ಪದೆ ಇದ್ದಾಗ ಚೆನ್ನಾಗೈತೆ ಅಂತ ಒಬ್ರೂ ಅಂದಿದ್ದಿಲ್ಲ. ನಮ್ಮ ಕಡೆ ಅನ್ನಲ್ಲ. ಹೊಗಳಿದ್ರೆ ದೃಷ್ಟಿ ಆಗ್ತೈತಂತೆ, ಮಗ್ಗದ ಮೇಲೇ ಎಳೆ ಹರಿತೈತಂತೆ. ನಮ್ಮಪ್ಪನೂ ಅನ್ನಲಿಲ್ಲ. ನನ್ನ ಹೆಂಡ್ತೀನೂ ಅನ್ನಲಿಲ್ಲ. ಯಾರಿಗೂ ಕಾಣದ ಕೆಲಸ ಯಾಕ್ ಮಾಡ್ಬೇಕು ಹೇಳ್ರಿ."

"ಹೌದಲ್ವಾ" ಎಂದ ಗಾದ್ರಪ್ಪ. ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಇನ್ನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರೆ ಗಾದ್ರಪ್ಪ ತಾನೇ ಹೋಗಿ ಹಾರೆ ತಂದುಕೊಡುತ್ತಿದ್ದನೋ ಏನೋ. ಎದ್ದು ಹೊರಗೆ ಬಂದು ಹೇಮಂತನಿಗೆ ಫೋನು ಮಾಡಿದ.

"ಹೆಸರು ಹಿಡಿದು ಹೊಗಳಬೇಕು ಸಾರ್!" ಎಂದು ಹೇಮಂತ್ ಆ ಕಡೆಯಿಂದ ಕುಣಿದ. "ಕಿವಿಯಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ. ಎಲ್ಲರಿಗೂ ಕಾಣೋ ಹಾಗೆ ಬರೀಬೇಕು. ಒಂದು ಮಾದರಿ ಕಳಿಸ್ತೀನಿ, ಹೆಸರೊಂದು ಬದಲಾಯಿಸಿ ಸಾಕು."

ಎಲ್ಲರಿಗೂ ಕಾಣುವ ಜಾಗ ಸೊಸೈಟಿಯಲ್ಲೇ ಇತ್ತು. ಗೇಟಿನ ಪಕ್ಕ, ಬೇವಿನ ಮರದ ಕೆಳಗೆ, ಬೀದಿಗೆ ಮುಖ ಮಾಡಿಕೊಂಡು ಒಂದು ಕರಿಹಲಗೆ. ಗಾದ್ರಪ್ಪ ಬಂದಾಗಿನಿಂದ ಅದು ಖಾಲಿಯೇ ಇತ್ತು. ಇಷ್ಟು ಒಳ್ಳೆಯ ಹಲಗೆಯನ್ನು ಸುಮ್ಮನೆ ಬಿಟ್ಟಿದ್ದಾರಲ್ಲ, ಈ ಜನಕ್ಕೆ ಉತ್ಸಾಹವೇ ಇಲ್ಲ ಎಂದುಕೊಂಡ. ಮಾರನೆಯ ದಿನ ಚಳ್ಳಕೆರೆಯಲ್ಲಿ ಸಾಹೇಬರ ಮೀಟಿಂಗು ಇತ್ತು. ಅದಕ್ಕೆ ಮುಂಚೆ ಮೊಳಕಾಲ್ಮೂರಿಗೆ ಬಂದು ಬರೆದು ಹೋಗಿಯೇಬಿಡೋಣ ಎಂದು ಮೊದಲ ಬಸ್ಸು ಹಿಡಿದ. ಇನ್ನೂ ಯಾರೂ ಬಂದಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿ, ದುಂಡಗಿನ ಅಕ್ಷರಗಳಲ್ಲಿ ಬರೆದ:

"ಶ್ರೀ ವೆಂಕಟಪ್ಪನವರು. ಸರಳ ಜೀವಿ. ಮಿತಭಾಷಿ. ಇಂಥ ಕಸುಬುದಾರರು ಸಿಗುವುದು ಅಪರೂಪ. ಅವರ ಸೀರೆಗಳನ್ನು ನೋಡಿದ ಕಣ್ಣೇ ಧನ್ಯ. ಇಂತಿ, ಸೊಸೈಟಿಯ ಸಮಸ್ತ ಸಿಬ್ಬಂದಿ."

ಇವೆಲ್ಲ ಹೇಮಂತನ ಮಾದರಿಯ ಮಾತುಗಳು. ಅಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಗಾದ್ರಪ್ಪ "ಸೀರೆ" ಎಂದು ಸೇರಿಸಿದ್ದ, ಅಷ್ಟೆ. ಸೀರೆಗಳು ಅವನ ಮೇಜಿಗೆ ಬರುವ ಹೊತ್ತಿಗೆ ಕಾಗದದಲ್ಲಿ ಸುತ್ತಿ ದಾರ ಕಟ್ಟಿರುತ್ತಿದ್ದವು. ಅವನು ಮೇಲೆ ಮೊಹರು ಒತ್ತುತ್ತಿದ್ದ. ಬರೆದದ್ದು ಸ್ವಲ್ಪ ಬೋಳಾಗಿ ಕಂಡದ್ದರಿಂದ ಸುತ್ತ ಹೂವಿನ ಬಳ್ಳಿ ಎಳೆದು, ಮೇಲ್ಗಡೆ ಭರವಸೆಯ ಸಂಕೇತವಾಗಿ ಒಂದು ಉರಿಯುವ ದೀಪ ಬರೆದ. ಹಿಂದೆ ಸರಿದು ನಿಂತು ನೋಡಿದಾಗ ಅವನ ಮುಖಕ್ಕೇ ಒಂದು ಕಳೆ ಬಂತು. ಹಾಗೇ ಹೋಗಿ ಚಳ್ಳಕೆರೆ ಬಸ್ಸು ಹತ್ತಿದ.

ಆ ಹಲಗೆ ಖಾಲಿ ಇದ್ದುದಕ್ಕೆ ಕಾರಣ ಉತ್ಸಾಹದ ಕೊರತೆಯಲ್ಲ. ಕೆಲವು ತಿಂಗಳಿಂದ ಆ ಬೀದಿಗಳಲ್ಲಿ ಯಾರೂ ಸತ್ತಿರಲಿಲ್ಲ. ನೇಕಾರರಲ್ಲಿ ಯಾರಾದರೂ ತೀರಿಕೊಂಡರೆ ಆ ಹಲಗೆಯ ಮೇಲೆ ಹೆಸರು ಬರೆಯುವುದು, ಬರೆದ ಕೂಡಲೇ ಊರಿನ ಮಗ್ಗಗಳೆಲ್ಲ ನಿಲ್ಲುವುದು ಅಲ್ಲಿನ ಪದ್ಧತಿ. ಬದುಕಿರುವವರ ಹೆಸರು ಆ ಹಲಗೆಯನ್ನು ಅದುವರೆಗೆ ಮುಟ್ಟಿರಲಿಲ್ಲ. ಅದರಲ್ಲೂ ಬದುಕಿರುವವರನ್ನು ಹೊಗಳುವುದು ಎಂದರೆ ಕೇಳಿ ಅರಿಯದ ಸಂಗತಿ. ಒಬ್ಬ ಮನುಷ್ಯ ಸರಳ ಜೀವಿ ಎಂದು ಜನ ಒಪ್ಪಿಕೊಳ್ಳಬೇಕಾದರೆ ಅವನು ಉಸಿರಾಡುವುದನ್ನು ನಿಲ್ಲಿಸಿರಲೇಬೇಕು.

ಕ್ಯಾತಣ್ಣ ಬಂದು ನೋಡಿ ಅಯ್ಯೋ ಎಂದ. ಗಂಗರಾಜು ಬಂದು ನೋಡಿ, ಕ್ಯಾತಣ್ಣ ಬರೆದಿದ್ದಾನೆ, ಅಕ್ಷರ ಸುಧಾರಿಸಿದೆ ಎಂದುಕೊಂಡರು. ಕ್ಯಾತಣ್ಣ ಗಂಗರಾಜುವೇ ಬರೆದಿದ್ದಾರೆ ಎಂದುಕೊಂಡ. ವೆಂಕಟಪ್ಪ ಆ ದಿನ ಕೆಲಸಕ್ಕೂ ಬಂದಿರಲಿಲ್ಲ. ಇನ್ನೇನು ಬೇಕು?

ಚಳ್ಳಕೆರೆಯ ಮೀಟಿಂಗಿನಲ್ಲಿ ಗಾದ್ರಪ್ಪ ಫೋನು ಆರಿಸಿಟ್ಟು, ಸರದಿ ಬಂದಾಗ ಎದ್ದು ನಿಂತು, "ಸಾರ್, ಇವತ್ತು ಬೆಳಿಗ್ಗೆ ವೆಂಕಟಪ್ಪನೋರನ್ನ ಬೋರ್ಡಿಗೆ ಹಾಕಿ ಬಂದಿದೀನಿ. ಊರಿಗೂರೇ ನೋಡ್ತೈತೆ" ಎಂದ.

"ಹೂಂ" ಎಂದರು ಸಾಹೇಬರು. "ದಿನಕ್ಕೊಬ್ರನ್ನ ಹಿಂಗೇ ಹಾಕ್ತಾ ಹೋಗು."

ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ಬಸ್ಸಿಳಿದಾಗ ಗಾದ್ರಪ್ಪನಿಗೆ ಏನೋ ಸರಿ ಇಲ್ಲ ಅನ್ನಿಸಿತು. ಯಾವ ಮನೆಯಿಂದಲೂ ಮಗ್ಗದ ಸದ್ದಿಲ್ಲ. ಬಸ್ ಸ್ಟ್ಯಾಂಡಿನ ಹೂವಿನಂಗಡಿ ಮಲ್ಲಿಕ್ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಹಾರ ಕಟ್ಟುತ್ತಿದ್ದ.

"ಯಾರು ಹೋದ್ರು ಮಲ್ಲಿಕ್?"

"ಗೊತ್ತಿಲ್ವಾ ಸಾಬ್? ನಿಮ್ ಸೊಸೈಟಿ ವೆಂಕಟಪ್ಪ ಹೋಗ್ಬಿಟ್ರು. ಪಾಪ, ಸರಳ ಜೀವಿ."

ಗಾದ್ರಪ್ಪ ಅಲ್ಲೇ ಇದ್ದ ಕಂಬ ಹಿಡಿದುಕೊಂಡ. ಇವನ ಜಾಗದಲ್ಲಿ ಬೇರೆ ಯಾರಿದ್ದರೂ ಸರಳ ಜೀವಿ ಎಂಬ ಮಾತು ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದರು. ಗಾದ್ರಪ್ಪ ಯೋಚಿಸಲಿಲ್ಲ. ಬೆಳಿಗ್ಗೆ ತಾನೇ ಹೊಗಳಿದೆ, ಮಧ್ಯಾಹ್ನಕ್ಕೆ ಹೋಗಿಯೇಬಿಟ್ಟರು! ದೃಷ್ಟಿ ಎಂದರೆ ಮಗ್ಗದ ಎಳೆ ಹರಿಯುತ್ತದೆ ಎಂದಷ್ಟೇ ಅವನು ತಿಳಿದಿದ್ದ, ನೇಕಾರನೇ ಹರಿದುಹೋಗುತ್ತಾನೆ ಎಂದು ಗೊತ್ತಿರಲಿಲ್ಲ. ಒಬ್ಬ ಮನುಷ್ಯನನ್ನು ನಾಲ್ಕು ಒಳ್ಳೆಯ ಮಾತಿನಿಂದ ಕೊಂದೆನಲ್ಲ ಎಂದು ಅವನ ಕಣ್ಣು ತುಂಬಿ ಬಂತು. ಅದರ ಹಿಂದೆಯೇ, ಇನ್ನು ಮಗ್ಗ ನಿಂತಂತೆಯೇ, ಚಳ್ಳಕೆರೆಯೂ ಹೋಯಿತು ಎಂಬ ಯೋಚನೆ ಬಂದು, ಇಂಥ ಹೊತ್ತಿನಲ್ಲೂ ನನಗೆ ಅದೇ ಚಿಂತೆಯಲ್ಲ ಎಂದು ನಾಚಿಕೆಯಾಗಿ ಇನ್ನಷ್ಟು ಅಳು ಬಂತು. ಇದ್ದುದರಲ್ಲಿ ದೊಡ್ಡದೊಂದು ಹಾರ ಕೊಂಡು ಹೊರಟ.

ವೆಂಕಟಪ್ಪನ ಮನೆಯ ಮುಂದೆ ಜನವೋ ಜನ. ಮುಂಬಾಗಿಲಿಗೆ ಬೀಗ. ಹೆಂಡತಿ ಚಿತ್ತಮ್ಮ ರಾಂಪುರದ ತಮ್ಮನ ಮನೆಗೆ ಹೋಗಿದ್ದಳು. ಹೋದ ವಾರ ವೆಂಕಟಪ್ಪ ಕಣ್ಣು ತೋರಿಸಲು ಬಳ್ಳಾರಿಗೆ ಹೋಗಿದ್ದು ಯಾರಿಗೋ ನೆನಪಾಗಿ, ಬಳ್ಳಾರಿ ಆಸ್ಪತ್ರೆಯಲ್ಲೇ ಜೀವ ಹೋಗಿದೆ, ದೇಹ ಬರುತ್ತಿದೆ ಎಂದು ತೀರ್ಮಾನವಾಗಿತ್ತು. ಹೆಣ ಸಾಗಿಸುವ ವ್ಯಾನಿನ ತಿಪ್ಪೇರುದ್ರ, ಹಿಂದಿನ ಸಲ ತಡವಾಗಿ ಬಂದು ಬೈಸಿಕೊಂಡಿದ್ದರಿಂದ ಈ ಸಲ ದೇಹಕ್ಕಿಂತ ಮುಂಚೆಯೇ ಬಂದು ಗಾಡಿ ತಿರುಗಿಸಿ ನಿಲ್ಲಿಸಿದ್ದ. ಸುಮ್ಮನೆ ಕಾಯುವುದು ಹೇಗೆಂದು ಗಂಗರಾಜು ಜಗಲಿ ಹತ್ತಿ ಭಾಷಣ ಶುರು ಮಾಡಿದ್ದರು.

"ವೆಂಕಟಪ್ಪನಂಥ ನೇಕಾರ ಈ ಊರಾಗೆ ಹುಟ್ಟಿಲ್ಲ, ಹುಟ್ಟೋದೂ ಇಲ್ಲ. ಅವನ ಕೈಯಾಗೆ ರೇಷ್ಮೆ ಹೇಳಿದ ಮಾತು ಕೇಳ್ತಿತ್ತು. ಒಂದೇ ಒಂದು ಎಳೆ ತಪ್ಪಿದ್ದು ನಾನು ನೋಡಿಲ್ಲ!"

ಗಾದ್ರಪ್ಪನಿಗೆ ತಡೆಯಲಾಗಲಿಲ್ಲ. ಎಲ್ಲರೆದುರು ಅಳುವುದು ಬೇಡವೆಂದು ಹಾರ ಹಿಡಿದುಕೊಂಡೇ ಮನೆಯ ಹಿಂದಕ್ಕೆ ಹೋದ. ಅಲ್ಲಿ ನೀರಿನ ತೊಟ್ಟಿ ಇತ್ತು. ಮುಖ ತೊಳೆದು ತಲೆ ಎತ್ತಿದಾಗ ಹಿತ್ತಿಲ ಬಾಗಿಲು ತೆರೆದಿತ್ತು. ಒಳಗೆ ನಡುಮನೆಯ ಮಗ್ಗದಲ್ಲಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಸತ್ತ ವೆಂಕಟಪ್ಪ ಕೂತಿದ್ದ.

ಗಾದ್ರಪ್ಪನ ಬಾಯಿಂದ ಎಂಥದೋ ಒಂದು ಸದ್ದು ಹೊರಟಿತು.

"ಶ್! ಕೂತ್ಕಳ್ರಿ ಸಾರ್" ಎಂದ ವೆಂಕಟಪ್ಪ ಪಿಸುದನಿಯಲ್ಲಿ. "ಗಂಗರಾಜು ಮಾತಾಡ್ತಾವ್ನೆ."

"ನೀ... ನೀವು..."

"ಬದುಕಿದೀನಿ. ಕೊನೇ ಸೀರೆ ಅಂತ ರಾತ್ರಿಯೆಲ್ಲ ನೇಯ್ದು, ಯಾರೂ ಎಬ್ಬಿಸಬಾರ್ದು ಅಂತ ಅವ್ಳ ಕೈಲಿ ಮುಂದಿನ ಬಾಗಿಲಿಗೆ ಬೀಗ ಹಾಕಿಸಿ, ಬೆಳಿಗ್ಗೆ ಇಲ್ಲೇ ಮಲಗ್ದೆ. ಎದ್ರೆ ಹೊರಗೆ ನನ್ನ ಹೆಸರು! ಯಾರೋ ಬೋರ್ಡಿನ ಮ್ಯಾಲೆ ಬರ್ದವ್ರಂತೆ, ಅದಕ್ಕೆ ಇಷ್ಟು ಜನ."

ಆಗ ಗಾದ್ರಪ್ಪನಿಗೆ ಎಲ್ಲವೂ ತಿಳಿಯಿತು. ತಿಳಿದದ್ದೇ ಹಾರದ ಸಮೇತ ನೆಲಕ್ಕೆ ಕೂತ. "ಯಜಮಾನ್ರೆ, ಅದು ನಾನೇ ಬರ್ದಿದ್ದು. ನಿಮಗೆ ಹುರುಪು ಬರ್ಲಿ ಅಂತ. ಬರ್ರಿ, ಬೇಗ ಹೊರಗೆ ಹೋಗಿ ಹೇಳಾಣ."

"ಇನ್ನೊಂದು ಸ್ವಲ್ಪ ತಡೀರಿ" ಎಂದು ವೆಂಕಟಪ್ಪ ಅವನ ತೋಳು ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಪುಷ್ಪಾ ಏನೋ ಹೇಳ್ತಾವ್ಳೆ."

ಹೊರಗೆ ಎದುರು ಮನೆಯ ಸೊಸೆ ಪುಷ್ಪಾ ಬಿಕ್ಕುತ್ತಿದ್ದಳು. "ನನ್ನ ಮದುವೆ ಸೀರೆ ವೆಂಕಟಪ್ಪ ಮಾವನೇ ನೇಯ್ದಿದ್ದು. ಈಗ್ಲೂ ಉಟ್ಕಂಡ್ರೆ ಎಲ್ರೂ ಕೇಳ್ತಾರೆ. ಮಾವನಿಗೆ ಒಂದು ಮಾತು ಹೇಳಾಣ ಅಂತ ಎಷ್ಟು ಸಲ ಅಂದ್ಕಂಡೆ. ದೃಷ್ಟಿ ಆಗ್ತೈತೆ ಅಂತ ನಮ್ಮವ್ವ ಬಿಡಲಿಲ್ಲ."

"ಕೇಳಿದ್ರಾ ಸಾರ್?" ಎಂದ ವೆಂಕಟಪ್ಪ. "ಕೇಳ್ತಾರಂತೆ." ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. "ಗುಂಡಿ ಮುಚ್ಚಲ್ಲ ಬಿಡ್ರಿ. ಈ ಸೀರೆ ಇಳಿಸಿ, ನಾಳೆಯಿಂದ್ಲೇ ಇನ್ನೊಂದು ಸೀರೆಗೆ ಹಾಸು ಹೂಡ್ತೀನಿ."

ಗಾದ್ರಪ್ಪನ ಎದೆ ತುಂಬಿ ಬಂತು. ಹುಟ್ಟಿದಾಗಿನಿಂದ ಅವನು ಕೈ ಹಾಕಿದ್ದು ಯಾವುದೂ ಸರಿಯಾಗಿರಲಿಲ್ಲ, ಇದೊಂದು ಸರಿಯಾಯಿತು. ಹೇಮಂತ್ ಹೇಳಿದ್ದು ಸುಳ್ಳಲ್ಲ. ಇಬ್ಬರೂ ಗುಂಡಿಯ ಅಂಚಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು ಊರಿನ ಹೊಗಳಿಕೆಯನ್ನು ಹೊಟ್ಟೆ ತುಂಬ ಕೇಳಿದರು. ಗಂಗರಾಜು ಸೊಸೈಟಿಯ ಹಾಲಿಗೆ ವೆಂಕಟಪ್ಪನ ಹೆಸರಿಡುವುದಾಗಿ ಘೋಷಿಸಿದಾಗ ವೆಂಕಟಪ್ಪ ಗುಂಡಿಯಲ್ಲೇ ಕೈ ಮುಗಿದ. ಆ ಹೊತ್ತು ಅಲ್ಲಿಗೇ ನಿಂತುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ರಾಂಪುರದಿಂದ ಆಟೋ ಬಂತು.

"ನನ್ನು ವದಿಲಿ ಪೋಯಾವಾ!" ಎಂದು ಚಿತ್ತಮ್ಮ ತೆಲುಗಿನಲ್ಲಿ ಎದೆ ಬಡಿದುಕೊಳ್ಳುತ್ತ ಇಳಿದಳು. ನನ್ನನ್ನು ಬಿಟ್ಟು ಹೋದೆಯಾ ಎಂದು ಅವಳು ಕೂಗಿದ್ದು ಕೇಳಿ ವೆಂಕಟಪ್ಪನಿಗೆ ಕೂರಲಾಗಲಿಲ್ಲ. ಗುಂಡಿಯಿಂದ ಎದ್ದ. ಅವಳ ತಮ್ಮ ಚೌಡೇಶ್ ಬೀಗ ತೆಗೆದು ಬಾಗಿಲು ತಳ್ಳಿದಾಗ, ಹೊಸ್ತಿಲಲ್ಲಿ ವೆಂಕಟಪ್ಪ ಕೈ ಮುಗಿದುಕೊಂಡು ನಿಂತಿದ್ದ. ಹಿಂದೆ ಹಾರ ಹಿಡಿದ ಗಾದ್ರಪ್ಪ.

"ಎಲ್ರೂ ಚೆನ್ನಾಗಿ ಮಾತಾಡಿದ್ರಿ" ಎಂದ ವೆಂಕಟಪ್ಪ.

ಮೊದಲು ಚೌಡೇಶ್ ಕಿರುಚಿದ. ಆಮೇಲೆ ಬೀದಿಯೇ ಕಿರುಚಿತು. ಚಿತ್ತಮ್ಮ ಮುಂದೆ ಬಂದು ಗಂಡನ ಕೆನ್ನೆ, ತೋಳು ಮುಟ್ಟಿ ನೋಡಿ, "ಬತಿಕೇ ಉನ್ನಾಡು, ಬದುಕವ್ನೆ!" ಎಂದು ಅಳುತ್ತ ನಕ್ಕಳು. ಆ ಬೀದಿಯಲ್ಲಿ ಸಂತೋಷಪಟ್ಟವಳು ಅವಳೊಬ್ಬಳೇ. ಉಳಿದವರಿಗೆ ಸಿಟ್ಟು ಏರಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬದುಕಿದ್ರೆ ಮೊದ್ಲೇ ಹೇಳಬಾರ್ದೇನಯ್ಯಾ?" ಎಂದರು ಗಂಗರಾಜು. "ನನ್ನ ಗಂಟಲು ಹರಿದು ಹೋಗೋ ತಂಕ ಒಳಗೆ ಕೂತು ಕೇಳ್ತಿದ್ಯಾ?"

"ಅಂಗಡಿ ಬಾಗಿಲು ಹಾಕ್ಕಂಡು ಬಂದೀನಿ ಭಾವ" ಎಂದ ಚೌಡೇಶ್.

"ನಾನು ಖಾಲಿ ಗಾಡಿ ವಾಪಸ್ ಹೊಡಕಂಡು ಹೋಗ್ಬೇಕಾ?" ಎಂದ ತಿಪ್ಪೇರುದ್ರ, ಯಾರಾದರೂ ಬರುತ್ತಾರೇನೋ ಎಂಬಂತೆ ಸುತ್ತ ನೋಡುತ್ತ.

ಮಲ್ಲಿಕ್ ಹಾರ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಕಳಿಸಿದ. ಹೆಣಕ್ಕೆಂದು ತಂದ ಹಾರವನ್ನು ಬದುಕಿದವನ ಕೊರಳಿಗೆ ಹಾಕುವ ಹಾಗಿರಲಿಲ್ಲ. ಅಷ್ಟೊಂದು ಹಾರಗಳು ಬೇವಿನ ಕೊಂಬೆಗೆ, ಸೈಕಲ್ ಹ್ಯಾಂಡಲ್ಲಿಗೆ, ಆಟೋದ ಕನ್ನಡಿಗೆ ಹೋದವು. ವೆಂಕಟಪ್ಪನಿಗೆ ಒಂದೂ ಸಿಗಲಿಲ್ಲ.

ಅಷ್ಟರಲ್ಲಿ ಚಿತ್ತಮ್ಮನಿಗೆ ಜಗಲಿಯ ಭಾಷಣಗಳ ವಿಷಯ ಗೊತ್ತಾಯಿತು. ಅವಳ ನಗು ನಿಂತು ಮುಖ ಕಪ್ಪಿಟ್ಟಿತು. "ಬದುಕಿರೋ ಮನುಷ್ಯನ್ನ ಊರಿಗೂರೇ ಸೇರ್ಕಂಡು ಹೊಗಳಿದ್ರಾ? ಇಷ್ಟು ದೃಷ್ಟಿ ಮೈಮೇಲೆ ಬಿದ್ರೆ ಇವ್ರು ಉಳೀತಾರಾ?" ಎಂದು ಒಳಗೆ ಹೋಗಿ ಮುಷ್ಟಿ ತುಂಬ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ತಂದಳು. "ಹೊಗಳಿದೋರು ಒಬ್ರೂ ಹೋಗಂಗಿಲ್ಲ. ಆಡಿದ ಮಾತು ವಾಪಸ್ ತಗಂಡು ಹೋಗ್ರಿ!"

ವೆಂಕಟಪ್ಪನನ್ನು ಬೀದಿಯ ನಡುವೆ ಮಣೆಯ ಮೇಲೆ ಕೂರಿಸಿದರು. ಜನ ಸಾಲಾಗಿ ನಿಂತರು. ಚಿತ್ತಮ್ಮ ನಿವಾಳಿಸುತ್ತಿದ್ದಂತೆ ಒಬ್ಬೊಬ್ಬರೇ ಬಂದು ತಮ್ಮ ಮಾತು ತೆಗೆದುಕೊಂಡರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಒಬ್ಬ ಮನುಷ್ಯನ ಜೀವ ಉಳಿಸುತ್ತಿದ್ದೇವೆ ಎಂದೇ ಎಲ್ಲರೂ ನಂಬಿದ್ದರು.

"ಇವನಂಥೋರು ಬೀದಿಗೊಬ್ರವ್ರೆ" ಎಂದರು ಗಂಗರಾಜು. ಅವರಿಗೆ ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ. "ಹೋದ ಸಲದ ಸೀರೆ ಸೆರಗಿನಾಗೆ ಎಳೆ ತಪ್ಪಿತ್ತು, ನಾನು ಸುಮ್ನಿದ್ದೆ. ಹಾಲಿಗೆ ಹೆಸರೂ ಇಡಲ್ಲ, ಏನೂ ಇಲ್ಲ."

"ನನ್ನ ಮದುವೆ ಸೀರೆ ಅಷ್ಟೇನೂ ಚೆನ್ನಾಗಿಲ್ಲ ಮಾವ" ಎಂದು ಪುಷ್ಪಾ ತಲೆ ತಗ್ಗಿಸಿ ಹೇಳಿ ಒಳಗೆ ಓಡಿದಳು.

ವೆಂಕಟಪ್ಪ ಮಣೆಯ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಮೊದಮೊದಲು ಅವನ ಮುಖದಲ್ಲಿ ಸ್ವಲ್ಪ ನಗು ಉಳಿದಿತ್ತು.

ಕೊನೆಗೆ ಎಲ್ಲರ ಕಣ್ಣೂ ಗಾದ್ರಪ್ಪನ ಕಡೆ ತಿರುಗಿತು. "ಮೊದ್ಲು ಬರ್ದೋರೇ ನೀವು. ನೀವೂ ತಗಳ್ರಿ ಸಾರ್" ಎಂದಳು ಚಿತ್ತಮ್ಮ.

ಬೇಡ ಎನ್ನಲು ಗಾದ್ರಪ್ಪನಿಗೆ ಧೈರ್ಯ ಸಾಲಲಿಲ್ಲ. ಒಂದು ವೇಳೆ ದೃಷ್ಟಿ ನಿಜವೇ ಆಗಿದ್ದರೆ? ಮಣೆಯ ಮುಂದೆ ನಿಂತು, ಹಲಗೆಯ ಮೇಲೆ ಬರೆದ ಕ್ರಮದಲ್ಲೇ ಒಪ್ಪಿಸಿದ. "ವೆಂಕಟಪ್ಪನೋರು ಸರಳ ಜೀವಿ ಅಲ್ಲ. ಮಿತಭಾಷಿ ಅಲ್ಲ. ಇಂಥ ಕಸುಬುದಾರರು ಬೇಕಾದಷ್ಟು ಸಿಗ್ತಾರೆ. ಅವರ ಸೀರೆ..." ಇಲ್ಲಿಗೆ ಬಂದು ನಿಲ್ಲಿಸಿದ. ಚಿತ್ತಮ್ಮ ಮೆಣಸಿನಕಾಯಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಅವನನ್ನೇ ನೋಡಿದಳು. "ಅವರ ಸೀರೆ ನೋಡ್ದಿದ್ರೂ ನಡೀತೈತೆ" ಎಂದುಬಿಟ್ಟ.

ಮೆಣಸಿನಕಾಯಿ ಬೆಂಕಿಗೆ ಬಿತ್ತು. ಎಲ್ಲರೂ ಕೆಮ್ಮುತ್ತ ಮನೆಗೆ ಹೋದರು.

ಆ ಸಂಜೆಯೇ ಸಾಹೇಬರ ಫೋನು ಬಂತು. ಗಂಗರಾಜು ಅವರಿಗೆ ಎಲ್ಲ ವರದಿ ಒಪ್ಪಿಸಿದ್ದರು. "ಗಾದ್ರಪ್ಪ, ನಾಡಿದ್ದಿನಿಂದ ಚಳ್ಳಕೆರೆಗೇ ಬಂದ್ಬಿಡು. ಅಲ್ಲಿ ಬಿಟ್ರೆ ಇನ್ನಾ ಯಾರ್ಯಾರ ತಿಥಿ ಮಾಡ್ತೀಯೋ. ಇಲ್ಲಿ ಮೂಲೆಗೆ ಕೂತ್ಕಂಡು ಮೊಹರು ಒತ್ತು. ಒಬ್ರಿಗೂ ಒಂದು ಒಳ್ಳೇ ಮಾತು ಹೇಳಬ್ಯಾಡ."

ಬೇಡಿ ಬೇಡಿ ಸಿಗದಿದ್ದ ವರ್ಗಾವಣೆ ಹೀಗೆ ಬೈಗುಳದ ಜೊತೆ ಸಿಕ್ಕಿತು. ಲಕ್ಷ್ಮಕ್ಕ ಖುಷಿಯಲ್ಲಿ ಹೋಳಿಗೆಗೆ ಬೇಳೆ ಬೇಯಿಸಿದಳು. "ಇವತ್ತಾದ್ರೂ ಒಂದು ಸ್ವಲ್ಪ ನಗಬಾರ್ದಾ?" ಎಂದಳು. ಗಾದ್ರಪ್ಪ ಎರಡನೆಯ ಹೋಳಿಗೆ ಮುಟ್ಟಲಿಲ್ಲ.

ಕೊನೆಯ ದಿನ ಮೊಳಕಾಲ್ಮೂರಿನಲ್ಲಿ ಅವನನ್ನು ಬೀಳ್ಕೊಡಲು ಯಾರೂ ಬರಲಿಲ್ಲ. ಕ್ಯಾತಣ್ಣ ಎದುರು ಸಿಕ್ಕವನು ಇವನೆಲ್ಲಿ ತನ್ನನ್ನು ಹೊಗಳಿಬಿಡುತ್ತಾನೋ ಎಂದು ಪಕ್ಕದ ಓಣಿಗೆ ತಿರುಗಿಕೊಂಡ. ಗಾದ್ರಪ್ಪ ಒಬ್ಬನೇ ವೆಂಕಟಪ್ಪನ ಮನೆಗೆ ಹೋದ.

ಮಗ್ಗ ಬಿಚ್ಚಿ ಅದರ ಮರದ ಚೌಕಟ್ಟನ್ನು ಗೋಡೆಗೆ ಒರಗಿಸಿದ್ದರು. ಹಿತ್ತಿಲಲ್ಲಿ ಕೆಮ್ಮಣ್ಣಿನ ಗುಡ್ಡೆ. ವೆಂಕಟಪ್ಪ ಬುಟ್ಟಿಯಲ್ಲಿ ಮಣ್ಣು ತುಂಬಿ ತಂದು ಗುಂಡಿಗೆ ಸುರಿಯುತ್ತಿದ್ದ. ಆಗಲೇ ಅರ್ಧ ತುಂಬಿತ್ತು.

ಗಾದ್ರಪ್ಪ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿಕೊಂಡು, ಇನ್ನೊಂದು ಬುಟ್ಟಿ ಎತ್ತಿಕೊಂಡ. ಇಬ್ಬರೂ ಮಣ್ಣು ಹೊತ್ತರು.

ಸ್ವಲ್ಪ ಹೊತ್ತಿನ ಮೇಲೆ ವೆಂಕಟಪ್ಪ ಬುಟ್ಟಿ ಕೆಳಗಿಟ್ಟು ಉಸಿರು ಸುಧಾರಿಸಿಕೊಂಡ. "ಬೇಜಾರು ಮಾಡ್ಕಬ್ಯಾಡ್ರಿ ಸಾರ್. ಅವ್ರೆಲ್ಲ ನಾನು ಸತ್ತೆ ಅಂತ ತಿಳಕಂಡು ಹೊಗಳಿದ್ರು. ಬದುಕಿದೀನಿ ಅಂತ ಗೊತ್ತಿದ್ದೂ ಹೊಗಳಿದೋರು ನೀವೊಬ್ರೇ. ಆ ಒಂದು ಮಾತು ನಂಗೆ ಸಾಕು ಅನ್ಸಿತ್ತು." ಮಗುವಿನ ಹಾಗೆ ಆಸೆಯಿಂದ ಕೇಳಿದ: "ಯಾವ ಸೀರೆ ನೋಡಿ ಬರ್ದಿದ್ರಿ ಸಾರ್?"

ಗಾದ್ರಪ್ಪನ ಕೈಯಲ್ಲಿ ಬುಟ್ಟಿ ಭಾರವಾಯಿತು. ಈ ಒಂದು ಸಲವಾದರೂ ಈ ಮನುಷ್ಯನಿಗೆ ಸಂತೋಷ ಕೊಡಬೇಕು ಎಂದು ಅವನ ಮನಸ್ಸು ಹಾತೊರೆಯಿತು. ಮೊಳಕಾಲ್ಮೂರಿನಲ್ಲಿ ನೇಯದ ಬಣ್ಣ ಯಾವುದಿದ್ದೀತು?

"ಆ ಕೆಂಪು ಸೀರೆ" ಎಂದ. "ದೊಡ್ಡ ಅಂಚಿಂದು."

ವೆಂಕಟಪ್ಪ ಅಂಗೈಯ ಮಣ್ಣು ಒರೆಸಿಕೊಂಡ.

"ಕೆಂಪು ನಾನು ನೇಯಲ್ಲ ಸಾರ್" ಎಂದ ಮೆಲ್ಲಗೆ. ಆಮೇಲೆ ಗಾದ್ರಪ್ಪನ ಜೋಲುಮುಖ ಇನ್ನಷ್ಟು ಇಳಿದದ್ದು ಕಂಡು, ಅವನೇ ಮುಂದೆ ಬಂದು ಆ ಬುಟ್ಟಿಗೆ ಒಂದು ಕೈ ಕೊಟ್ಟ. "ಆಗ್ಲಿ ಬಿಡ್ರಿ. ಅಕ್ಷರ ಚೆನ್ನಾಗಿದ್ವು ಅಂತ ಎಲ್ರೂ ಅಂದ್ರು."

ಗಾದ್ರಪ್ಪನಿಗೆ ಜೀವನದಲ್ಲಿ ಯಾರಾದರೂ ಹೇಳಿದ ಮೊದಲ ಒಳ್ಳೆಯ ಮಾತು ಅದು. ಅದನ್ನು ಕೇಳಿಸಿಕೊಳ್ಳಲಾರದೆ ಅವನು ತಲೆ ತಗ್ಗಿಸಿದ, ಇಬ್ಬರೂ ಸೇರಿ ಬುಟ್ಟಿಯನ್ನು ಗುಂಡಿಯೊಳಕ್ಕೆ ಬಗ್ಗಿಸಿದರು.